ಗುಡ್ಡದ ಕಡೆಗೆ ಹಗುರ

ಉಪಕಾರ ನೆನೆಯುವುದರಲ್ಲಿ ರಾಘಣ್ಣನವರನ್ನು ಮೀರಿಸುವವರು ಬಳ್ಳಾರಿಯ ಬ್ರೂಸ್‌ಪೇಟೆಯಲ್ಲಿ ಯಾರೂ ಇರಲಿಲ್ಲ. ಬಸ್ಸಿನಲ್ಲಿ ಟಿಕೆಟ್ ಹರಿದುಕೊಟ್ಟ ಕಂಡಕ್ಟರಿಗೆ ಕೈಮುಗಿಯುತ್ತಿದ್ದರು. ಹೋದ ಕರೆಂಟು ಬಂದರೆ ಬಲ್ಬಿಗೆ ನಮಸ್ಕಾರ ಹಾಕುತ್ತಿದ್ದರು. ಒಂದು ಸಲ ಅವರಿಗೆ ವಿಷಮಶೀತ ಜ್ವರ ಬಂದು, ಹೆಂಡತಿ ಲಕ್ಷ್ಮೀಬಾಯಿ ನಿದ್ದೆಗೆಟ್ಟು ಗಂಜಿ ಕುಡಿಸಿ ಬದುಕಿಸಿಕೊಂಡಿದ್ದರು. ಎದ್ದು ಓಡಾಡುವಂತಾದ ಮೇಲೆ ರಾಘಣ್ಣನವರು ಮಲ್ಲಿಗೆ ಹಾರ ತಂದು ಹಾಕಿದ್ದು ಥರ್ಮಾಮೀಟರ್ ಕೊಟ್ಟಿದ್ದ ಪಕ್ಕದ ಮನೆಯವರ ಕೊರಳಿಗೆ. ಲಕ್ಷ್ಮೀಬಾಯಿ ಅದನ್ನು ಇನ್ನೂ ಮರೆತಿಲ್ಲ.

ಇಂಥ ರಾಘಣ್ಣನವರು ಗಾದಿಲಿಂಗಪ್ಪ ಎಂಬುವರ ಬೆಲ್ಲದ ಅಂಗಡಿಯ ಮೇಲಿನ ಅಟ್ಟದಲ್ಲಿ ‘ಶ್ರೀ ಗುರುರಾಜ ಟೈಪ್‌ರೈಟಿಂಗ್ ಇನ್‌ಸ್ಟಿಟ್ಯೂಟ್’ ನಡೆಸುತ್ತಿದ್ದರು. ಸರ್ಕಾರಿ ಕಚೇರಿಗಳ ಕಾಗದಪತ್ರವೆಲ್ಲ ಕನ್ನಡದಲ್ಲೇ ಆಗಬೇಕೆಂದು ಗದ್ದಲವೆದ್ದಿದ್ದ ಎಪ್ಪತ್ತರ ದಶಕದ ಕೊನೆ ಅದು. ಇಂಗ್ಲಿಷ್ ಮಿಷನ್ನುಗಳ ನಡುವೆ ರಾಘಣ್ಣನವರೂ ಒಂದು ಹಳೆಯ ಕನ್ನಡ ಮಿಷನ್ನು ತಂದು, ಮನೆಗೆ ಬಂದ ಹೊಸ ಸೊಸೆಯನ್ನು ಕೂರಿಸುವ ಸಂಭ್ರಮದಲ್ಲಿ ಕಿಟಕಿಯ ಪಕ್ಕ ಕೂರಿಸಿದ್ದರು.

ಆ ವರ್ಷದ ಆಯುಧಪೂಜೆಗೆ ಮಿಷನ್ನು ಒರೆಸುವಾಗ ರಾಘಣ್ಣನವರು ಒಂದು ಮಹತ್ತರ ಸಂಶೋಧನೆ ಮಾಡಿದರು. ಮೇಲಿನ ಮುಚ್ಚಳ ತೆಗೆದರೆ ಒಳಗೆ ಕಬ್ಬಿಣದ ಒಂದು ಸಣ್ಣ ಕಡ್ಡಿ. ಒರೆಸುವ ಬಟ್ಟೆ ಅದಕ್ಕೆ ಸಿಕ್ಕಿಕೊಂಡು, ಕಡ್ಡಿ ಸರಕ್ಕನೆ ಒಂದು ಪಕ್ಕಕ್ಕೆ ಜರುಗಿತು. ಅಷ್ಟೇ. ಅಲ್ಲಿಯವರೆಗೆ ಬೆರಳು ಊರಿ ಒತ್ತಬೇಕಾಗಿದ್ದ ಕೀಗಳು ಮುಟ್ಟಿದರೆ ಬೀಳತೊಡಗಿದವು. ಕೀ ಬಿಗಿಯಾಗಬೇಕೋ ಸಡಿಲವಾಗಬೇಕೋ ಎಂದು ಹೊಂದಿಸಲು ಮಿಷನ್ ಕಂಪನಿಯವರೇ ಆ ಕಡ್ಡಿಯನ್ನು ಇಟ್ಟು, ಜೊತೆಗೆ ಕೊಟ್ಟ ಪುಸ್ತಕದಲ್ಲಿ ಚಿತ್ರಸಮೇತ ವಿವರಿಸಿದ್ದರು. ಪುಸ್ತಕ ಬಿಚ್ಚುವ ಅಭ್ಯಾಸವಿಲ್ಲದ ರಾಘಣ್ಣನವರು ಅದನ್ನು ತಾವೇ ಕಂಡುಹಿಡಿದೆವೆಂದು ನಂಬಿ, ಹೊರಗಿನ ಬೋರ್ಡಿನ ಮೇಲೆ ಹೊಸದಾಗಿ ಬರೆಸಿದರು: ‘ಹೊಸಬರಿಗೆ ಬೆರಳು ನೋಯದ ಟೈಪಿಂಗ್. ಇಲ್ಲಿ ಮಾತ್ರ. ಹಗುರ ಪದ್ಧತಿ.’

ಒಂದು ತೊಡಕಿತ್ತು. ರಾಘಣ್ಣನವರಿಗೆ ಎಡಬಲ ಚಿಕ್ಕಂದಿನಿಂದಲೂ ಕೈಕೊಡುತ್ತಿತ್ತು. ಯಾವ ಕಡೆ ತಳ್ಳಿದರೆ ಹಗುರ, ಯಾವ ಕಡೆ ತಳ್ಳಿದರೆ ಬಿಗಿ ಎಂದು ನೆನಪಿಡುವುದು ಹೇಗೆ? ಬಳ್ಳಾರಿಯವರಿಗೆ ಅದೊಂದು ಕಷ್ಟವೇ ಅಲ್ಲ. ಊರ ನಡುವೆ ಅಷ್ಟು ದೊಡ್ಡ ಗುಡ್ಡ ಕೂತಿರುವಾಗ ಎಡಬಲ ಯಾರಿಗೆ ಬೇಕು? ಯಾರದಾದರೂ ಮನೆ ಕೇಳಿದರೆ ಗುಡ್ಡದ ಕಡೆ ಹೋಗಿ, ಗುಡ್ಡಕ್ಕೆ ಬೆನ್ನು ಹಾಕಿ ಹೋಗಿ ಎನ್ನುವ ಊರು. ಅಟ್ಟದ ಕಿಟಕಿಯಲ್ಲಿ ಗುಡ್ಡ ನಿಚ್ಚಳವಾಗಿ ಕಾಣುತ್ತಿತ್ತು. ಗುಡ್ಡದ ಕಡೆಗೆ ತಳ್ಳಿದರೆ ಹಗುರ, ಮಾರ್ಕೆಟ್ಟಿನ ಕಡೆಗೆ ತಳ್ಳಿದರೆ ಬಿಗಿ. ರಾಘಣ್ಣನವರು ಇದನ್ನು ಮಂತ್ರದ ಹಾಗೆ ಬಾಯಿಪಾಠ ಮಾಡಿಕೊಂಡು ಗುಡ್ಡಕ್ಕೂ ಒಂದು ಕೈಮುಗಿದರು.

ಪೇಟೆಯ ಕಾಲೇಜು ಹುಡುಗಿಯರಿಗೆ ಹಗುರ ಪದ್ಧತಿ ಬಹಳ ಹಿಡಿಸಿತು. ಉಗುರಿಗೆ ಹಚ್ಚಿದ ಬಣ್ಣ ಹೋಗದೆ ಟೈಪಿಂಗ್ ಬರುವುದಾದರೆ ಯಾರಿಗೆ ಬೇಡ? ರಾಘಣ್ಣನವರು ಬೀಗಿದರು. ಅಷ್ಟರಲ್ಲಿ ಅಕ್ಕನಾಗಮ್ಮ ಬಂದಳು.

ಕುರುಗೋಡಿನಿಂದ ಬೆಳಗಿನ ಬಸ್ಸಿಗೆ ಬಂದವಳು, ಮೆಟ್ಟಿಲ ಬುಡದಲ್ಲಿ ಚಪ್ಪಲಿ ಬಿಟ್ಟು ಮೇಲೆ ಹತ್ತಿ, ಬಾಗಿಲ ಹತ್ತಿರವೇ ನಿಂತಳು.

“ಸಾರ್, ಕನ್ನಡ ಟೈಪಿಂಗ್ ಕಲಿಬೇಕ್ರಿ. ಈ ಸಲದ ಪರೀಕ್ಷಿಗೇ ಕೂಡಬೇಕು.”

“ಈ ಸಲಕ್ಕೇನ? ಅವಸರ ಯಾಕ ತಂಗಿ?”

ಅವಸರಕ್ಕೆ ಕಾರಣವಿತ್ತು. ಅವಳ ಗಂಡ ಉಜ್ಜಿನಪ್ಪ ಸಿರುಗುಪ್ಪದ ಒಂದು ಕಚೇರಿಯಲ್ಲಿ ಗುಮಾಸ್ತನಾಗಿದ್ದ. ಕಾಮಾಲೆಯಾಗಿ ತೀರಿಕೊಂಡ. ಹೆಂಡತಿ ಎಸ್ಸೆಸ್ಸೆಲ್ಸಿ ಪಾಸಾಗಿದ್ದಾಳೆಂದು ತಿಳಿದು ಕಚೇರಿಯವರು ಕನಿಕರದಿಂದ ಒಂದು ಮಾತು ಹೇಳಿದ್ದರು: ಟೈಪಿಸ್ಟ್ ಕುರ್ಚಿ ಖಾಲಿ ಇದೆ, ಈ ಸಲ ಕನ್ನಡ ಟೈಪಿಂಗಿನ ಜೂನಿಯರ್ ಪರೀಕ್ಷೆ ಪಾಸಾಗಿ ಬಂದರೆ ಅದು ನಿನ್ನದು, ಇಲ್ಲದಿದ್ದರೆ ಬೇರೆಯವರಿಗೆ ಹೋಗುತ್ತದೆ. ಅಲ್ಲಿಯವರೆಗೆ ಅತ್ತೆ ಸೊಸೆ ಇಬ್ಬರೂ ಹೊಲದ ಆಳುಗಳಿಗೆ ಜೋಳದ ರೊಟ್ಟಿ ಮಾಡಿಕೊಟ್ಟು ಬದುಕುತ್ತಿದ್ದರು.

ಕೇಳಿ ರಾಘಣ್ಣನವರ ಕಣ್ಣು ತುಂಬಿತು. “ತಂಗಿ, ನೀ ನಮ್ಮ ಇನ್‌ಸ್ಟಿಟ್ಯೂಟಿಗೆ ಬಂದಿಯಲ್ಲ, ಅದ ನಿನ್ನ ಪುಣ್ಯ. ಹಗುರ ಪದ್ಧತಿಯಾಗ ನಿನ್ನ ದಡ ಮುಟ್ಟಸ್ತೀನಿ. ಕೂಡು.”

ಅಕ್ಕನಾಗಮ್ಮ ಸೆರಗು ಬಿಗಿದು ಕೂತಳು. ಹಿಂದಿನ ದಿನ ಲಕ್ಷ್ಮೀಬಾಯಿ ಮಿಷನ್ನಿನ ಧೂಳು ಹೊಡೆದದ್ದರಿಂದ ಕಡ್ಡಿ ನಡುವೆ ಎಲ್ಲೋ ನಿಂತಿತ್ತು. ಕಲಿಸಿದಂತೆ ಬೆರಳಿಟ್ಟು ಅಕ್ಕನಾಗಮ್ಮ ಮೊದಲನೆಯ ಕೀ ಹೊಡೆದಳು.

ತಪ್!

ಮಿಷನ್ನು ಒಂದು ಗೇಣು ಹಿಂದಕ್ಕೆ ಸರಿಯಿತು. ಕಾಗದದ ಮೇಲೆ ಅಕ್ಷರದ ಬದಲು ಅಕ್ಷರದ ಆಕಾರದ ತೂತು ಬಿದ್ದಿತ್ತು. ಎರಡನೆಯ ಏಟಿಗೆ ಕಿಟಕಿಯಲ್ಲಿ ಕೂತಿದ್ದ ಪಾರಿವಾಳ ಎದ್ದು ಹೋಯಿತು. ಒಂದು ಸಾಲು ಮುಗಿಯುವ ಹೊತ್ತಿಗೆ ಕೆಳಗಿನಿಂದ ಗಾದಿಲಿಂಗಪ್ಪನವರು ಏದುಸಿರು ಬಿಡುತ್ತ ಮೇಲೆ ಬಂದರು.

“ರಾಘಣ್ಣಾರ, ಇಲ್ಲೇನು ಮೆಣಸಿನಕಾಯಿ ಕುಟ್ಟಾಕ ಹತ್ತೀರಿ?”

“ಟೈಪಿಂಗ್ ರೀ.”

“ಟೈಪಿಂಗು? ಮ್ಯಾಲಿನ ಸುಣ್ಣೆಲ್ಲ ಉದುರಿ ಬೆಲ್ಲದ ಮ್ಯಾಲೆ ಬಿದ್ದೈತಿ. ಈಗೊಬ್ಬ ಗಿರಾಕಿ ಬಂದು, ಏನ್ ಸಾವ್ಕಾರ್ರ, ಹಬ್ಬಕ್ಕಂತ ಬೆಲ್ಲಕ್ಕೂ ಸುಣ್ಣ ಬಳಿಸೀರಿ ಅಂದ. ನಾ ಏನ್ ಹೇಳ್ಲಿ?”

ಅಕ್ಕನಾಗಮ್ಮ ಎದ್ದು ನಿಂತು ತಲೆ ತಗ್ಗಿಸಿದಳು. “ತಪ್ಪಾತ್ರಿ ಅಪ್ಪಾರ. ನನ್ನ ಕೈ ಸ್ವಲ್ಪ ಬಿರುಸು.”

ಅವಳನ್ನು ನೋಡಿ ಗಾದಿಲಿಂಗಪ್ಪನವರ ದನಿ ಇಳಿಯಿತು. ರಾಘಣ್ಣನವರು ನಡುವೆ ಬಂದು ಗಂಭೀರವಾಗಿ ತೀರ್ಪು ಕೊಟ್ಟರು: “ಆಕಿದು ತಪ್ಪಿಲ್ಲ. ಕೀ ಗಟ್ಟಿ ಅವ. ಗಟ್ಟಿ ಅವ ಅಂತ ಪಾಪ ಜೋರಾಗಿ ಹೊಡೀತಾಳ. ಹಗುರ ಮಾಡಿದ್ರ ತಾನ ಹಗುರ ಹೊಡೀತಾಳ. ಇದು ಶಾಸ್ತ್ರ.” ಯಾವ ಶಾಸ್ತ್ರವೆಂದು ಯಾರೂ ಕೇಳಲಿಲ್ಲ. ಅವರು ಮುಚ್ಚಳ ತೆಗೆದು ಕಡ್ಡಿಯನ್ನು ಗುಡ್ಡದ ಕಡೆಗೆ ಕೊನೆಯವರೆಗೂ ತಳ್ಳಿದರು.

ಮರುದಿನ ಅಕ್ಕನಾಗಮ್ಮ ಕೀಗಳ ಮೇಲೆ ಬೆರಳಿಟ್ಟಳು, ಅಷ್ಟೇ. ಹೊಡೆಯುವ ಮುಂಚೆಯೇ ಅಕ್ಷರಗಳು ಒಂದರ ಮೇಲೊಂದು ಎದ್ದು ಬಂದು, ರಥಬೀದಿಯ ನೂಕುನುಗ್ಗಲಿನಲ್ಲಿ ಸಿಕ್ಕಿದವರ ಹಾಗೆ ಕೊಕ್ಕೆ ಹಾಕಿಕೊಂಡು ನಿಂತವು. ಅವಳು ಮೆಲ್ಲಗೆ ಒಂದೊಂದನ್ನೇ ಬಿಡಿಸಿದಳು. ಮತ್ತೆ ಬೆರಳಿಟ್ಟಳು. ಮತ್ತೆ ಸಿಕ್ಕಿಕೊಂಡವು.

“ಸಾರ್, ಕೀ ಕೈಗೇ ಸಿಗವಲ್ವು ನೋಡ್ರಿ. ಮುಟ್ಟಿದಕೂಡ್ಲೆ ಕೆಳಗ ಹೋಗಿಬಿಡ್ತಾವು.”

“ಅದ ನಮ್ಮ ಪದ್ಧತಿ!” ಎಂದರು ರಾಘಣ್ಣನವರು ಹೆಮ್ಮೆಯಿಂದ.

“ಸ್ವಲ್ಪ ಎದುರು ಕೊಟ್ರ ಚಲೋ ಇತ್ತಂತ…”

“ಎದುರು ಕೊಡೂದ ಬ್ಯಾಡ ತಂಗಿ. ಗಂಡಿಲ್ಲದ ಹೆಣ್ಮಗಳಿಗೆ ಲೋಕ ಎದುರು ಕೊಡೂದು ಸಾಲದೇನು? ಮಿಷನ್ನೂ ಕೊಡಬೇಕೇನು?”

ಈ ಮಾತಿಗೆ ಅಕ್ಕನಾಗಮ್ಮ ಏನೂ ಹೇಳಲಿಲ್ಲ. ಇಷ್ಟು ಮಮತೆಯಿಂದ ಮಾತಾಡುವವರಿಗೆ ಇನ್ನೇನು ಹೇಳುವುದು? ಅವಳ ಮೌನವನ್ನು ರಾಘಣ್ಣನವರು ಬೇರೆ ರೀತಿ ಅರ್ಥ ಮಾಡಿಕೊಂಡರು. ಕೀಗಳು ಇನ್ನೂ ಸಾಕಷ್ಟು ಹಗುರವಾಗಿಲ್ಲ, ಸಂಕೋಚಕ್ಕೆ ಹೇಳುತ್ತಿಲ್ಲ. ಕಡ್ಡಿ ಆಗಲೇ ಗುಡ್ಡಕ್ಕೆ ತಾಗುವಷ್ಟು ಹೋಗಿತ್ತು. ಹಾಗಾಗಿ ಲಕ್ಷ್ಮೀಬಾಯಿಯ ತಲೆಯಿಂದ ಒಂದು ಹೇರ್‌ಪಿನ್ನು ಎಳೆದುಕೊಂಡು ಬಂದು ಒಳಗಿನ ಸ್ಪ್ರಿಂಗಿಗೆ ಸಿಕ್ಕಿಸಿ ಅದನ್ನೂ ಸಡಿಲ ಮಾಡಿದರು.

ಆಮೇಲೆ ಮಿಷನ್ನಿಗೆ ಮನುಷ್ಯರೇ ಬೇಡವಾಯಿತು. ಬೀದಿಯಲ್ಲಿ ಲಾರಿ ಹೋದರೆ ಅರ್ಧ ಸಾಲು ತಾನೇ ಹೊಡೆಯುತ್ತಿತ್ತು. ಕೆಳಗೆ ಗಾದಿಲಿಂಗಪ್ಪನವರು ಸೀನಿದರೆ ಮೇಲೆ ಒಂದು ಅಕ್ಷರ ಬೀಳುತ್ತಿತ್ತು. ರಾಘಣ್ಣನವರು ಆನಂದದಿಂದ ಕೈಮುಗಿದರು. ಅಕ್ಕನಾಗಮ್ಮನ ಕಾಗದದಲ್ಲಿ ಮಾತ್ರ ಒಂದು ಪದವೂ ನೆಟ್ಟಗೆ ಇರಲಿಲ್ಲ. ಪರೀಕ್ಷೆ ಹತ್ತಿರ ಬಂದಿತ್ತು.

“ಎಲ್ಲಿ, ನಿನ್ನ ಕೈ ತೋರ್ಸು,” ಎಂದರು ಒಂದು ದಿನ ರಾಘಣ್ಣನವರು, ಕಾಯಿಲೆ ಹುಡುಕುವ ವೈದ್ಯರ ಗತ್ತಿನಲ್ಲಿ.

ಅವಳು ತೋರಿಸಿದಳು. ಅಂಗೈ ತುಂಬ ಹದವಾದ ಗಟ್ಟಿತನ, ಬೆರಳ ತುದಿಗಳು ಬೆಂಕಿ ನೀರು ಎರಡನ್ನೂ ಕಂಡಿದ್ದವು.

“ದಿನಾ ಎಷ್ಟು ರೊಟ್ಟಿ ಬಡಿತಿ?”

“ಎಣಿಸಿಲ್ರಿ. ಹಿಟ್ಟು ಮುಗಿಯೂತನಕ ಬಡಿಯೂದು.”

“ಸಿಕ್ತು!” ರಾಘಣ್ಣನವರು ಮೇಜು ಗುದ್ದಿದರು. ಮಿಷನ್ನು ತಾನಾಗಿ ಒಂದು ಅಕ್ಷರ ಹೊಡೆಯಿತು. “ನಾಳಿಂದ ಪರೀಕ್ಷಿ ಮುಗಿಯೂತನಕ ರೊಟ್ಟಿ ಮುಟ್ಟಬ್ಯಾಡ. ಮಲಗೂ ಮುಂದ ಬೆರಳಿಗೆ ಬೆಣ್ಣಿ ಹಚ್ಚು. ಬೆರಳು ಮೆತ್ತಗ ಆಗಬೇಕು.”

ಲಕ್ಷ್ಮೀಬಾಯಿ ಇದನ್ನು ಕೇಳಿ, “ರೊಟ್ಟಿ ಬಿಡಿಸಿದ್ರ ಅವರ ಮನ್ಯಾಗ ಉಣ್ಣೂದೇನು? ನಿಮ್ಮ ಹಗುರ ಪದ್ಧತೀನ?” ಎಂದು ಕೇಳಿದರು. ದೊಡ್ಡ ಕೆಲಸ ಮಾಡುವವರಿಗೆ ಮನೆಯವರಿಂದ ಪ್ರೋತ್ಸಾಹ ಸಿಗುವುದಿಲ್ಲವೆಂದು ರಾಘಣ್ಣನವರು ಸಮಾಧಾನ ಮಾಡಿಕೊಂಡರು.

ಪ್ರೋತ್ಸಾಹ ಕುರುಗೋಡಿನಿಂದಲೇ ಬಂತು. ಎರಡು ದಿನ ಬಿಟ್ಟು ಮೆಟ್ಟಿಲ ಮೇಲೆ ಭಾರವಾದ ಹೆಜ್ಜೆ ಕೇಳಿಸಿ, ತಲೆ ಮೇಲೆ ಬುಟ್ಟಿ ಹೊತ್ತ ಒಬ್ಬ ಎತ್ತರದ ಮುದುಕಿ ಒಳಗೆ ಬಂದಳು. ಅಕ್ಕನಾಗಮ್ಮನ ಅತ್ತೆ ಕೊಟ್ರಬಸಮ್ಮ.

“ಟೈಪಿಂಗ್ ಮೇಷ್ಟ್ರು ಯಾರಲೇ ಇಲ್ಲಿ?”

ಕಾಲೇಜು ಹುಡುಗಿಯರು ಒಟ್ಟಿಗೆ ರಾಘಣ್ಣನವರ ಕಡೆ ಬೆರಳು ತೋರಿಸಿದರು.

“ನಾನೇ ತಾಯಿ. ಬರ್ರಿ, ಕೂಡ್ರಿ. ನೀವು ಬಂದದ್ದು ಭಾಳ ಉಪಕಾರ ಆತು.”

“ಉಪಕಾರ ಆಮ್ಯಾಲೆ ನೋಡೂಣು. ಸೊಸಿ ರೊಟ್ಟಿ ಬಡಿಬಾರದು ಅಂತ ಯಾವ ಪುಸ್ತಕದಾಗೈತ್ರಿ ಸ್ವಾಮೇರ? ಬೆಣ್ಣಿ ಬ್ಯಾರೆ ಹಚ್ಚಬೇಕಂತ! ರಾತ್ರಿ ಮಕ್ಕೊಂಡ್ರ ಬೆಕ್ಕು ಬಂದು ಆಕಿ ಬೆರಳು ನೆಕ್ಕತೈತಿ. ಇಡೀ ಓಣಿ ನಮ್ಮನ್ನ ನೋಡಿ ನಗತೈತಿ.”

“ತಾಯಿ, ಅದು ಆಕಿ ಪಾಸಾಗಲಿ ಅಂತ. ಆಕಿ ಕೈ ಗಟ್ಟಿ ಅದ…”

“ಗಟ್ಟಿ ಐತಿ. ಆ ಗಟ್ಟಿ ಕೈಯಿಂದನ ನನ್ನ ಮನಿ ನಿಂತೈತಿ,” ಎಂದಳು ಕೊಟ್ರಬಸಮ್ಮ. ತಲೆಯ ಮೇಲಿನ ಬುಟ್ಟಿಯನ್ನು ನೆಲಕ್ಕಿಳಿಸಿದಳು. “ನಿಮಗೇನ್ ಗೊತ್ರಿ? ಕಟ್ಟಿಗಿ ಹಲಿಗಿ ಮ್ಯಾಲೆ ಇದ್ದಲೀಲೆ ನಿಮ್ಮ ಮಿಷನ್ನಿನ ಅಕ್ಷರೆಲ್ಲ ಬರಕೊಂಡಾಳ. ಒಲಿ ಮುಂದ ಕುಂತು ಅದರ ಮ್ಯಾಲೆ ದಪದಪ ಬಡಿತಾಳ. ಕಣ್ಣು ಮುಚ್ಚಿ ಹೇಳ್ತಾಳ ಯಾವದು ಎಲ್ಲೈತಿ ಅಂತ. ನನ್ನ ಮಗ ಕುಂತ ಕಚೇರ್ಯಾಗ ನನ್ನ ಸೊಸಿ ಕುಂದರಬೇಕು. ಅಷ್ಟ ನನಗ ಬೇಕಾಗಿದ್ದು.”

ರಾಘಣ್ಣನವರು ಕುರ್ಚಿಯಿಂದ ಎದ್ದರು. ಕೈಜೋಡಿಸಿಕೊಂಡು ನಿಂತರು. ಕೊಟ್ರಬಸಮ್ಮ ಅವರನ್ನು ಮೇಲಿನಿಂದ ಕೆಳಗೆ ನೋಡಿ, ಇವನು ಕೆಟ್ಟವನಲ್ಲ, ಬರೀ ಗೊಂದಲದವನು ಎಂದು ತೀರ್ಮಾನಕ್ಕೆ ಬಂದಂತೆ ಕಂಡಿತು.

“ಹೋಗ್ಲಿ. ಪರೀಕ್ಷಿ ಮಟ ರೊಟ್ಟಿ ನಾನ ಬಡಿತೀನಿ. ಬೆಣ್ಣಿ ಮಾತ್ರ ಆಗೂದಿಲ್ಲ. ತಗೋರಿ, ರೊಟ್ಟಿ ಶೇಂಗಾ ಚಟ್ನಿ ತಂದೀನಿ. ಬಯ್ಯಾಕಂತ ಬಂದ್ರೂ ಬರಿಗೈಲೆ ಬರಬಾರದಲ್ಲ.”

ಆ ಹೊತ್ತಿನಲ್ಲಿ ರಾಘಣ್ಣನವರು ಹಲಗೆಯ ಸುದ್ದಿಯನ್ನು ಒಂದು ಕ್ಷಣ ಯೋಚಿಸಿದ್ದರೆ ಎಲ್ಲವೂ ಅಲ್ಲೇ ಬಗೆಹರಿಯುತ್ತಿತ್ತು. ಅವರು ಚಟ್ನಿಯ ಬಗ್ಗೆ ಯೋಚಿಸಿದರು.

ಪರೀಕ್ಷೆಯ ದಿನ ಬಂತು. ಆಗೆಲ್ಲ ಟೈಪಿಂಗ್ ಪರೀಕ್ಷೆಗೆ ಇನ್‌ಸ್ಟಿಟ್ಯೂಟಿನವರೇ ತಮ್ಮ ತಮ್ಮ ಮಿಷನ್ನು ಹೊತ್ತು ತರಬೇಕಾಗಿತ್ತು. ಲಕ್ಷ್ಮೀಬಾಯಿ ತಮ್ಮ ಹೇರ್‌ಪಿನ್ನನ್ನು ಹಟಮಾಡಿ ವಾಪಸು ಕಿತ್ತುಕೊಂಡದ್ದರಿಂದ ಸ್ಪ್ರಿಂಗು ತನ್ನ ಜಾಗಕ್ಕೆ ಮರಳಿತ್ತು. ಗಾದಿಲಿಂಗಪ್ಪನವರು ತಮ್ಮ ಬೆಲ್ಲದ ತಳ್ಳುಗಾಡಿಯನ್ನೂ ಮಿಷನ್ನಿಗೆ ಸುತ್ತಲು ಗೋಣಿಚೀಲವನ್ನೂ ಕೊಟ್ಟು, ಗಾಡಿ ತಳ್ಳುವ ಎರ್ರಣ್ಣನಿಗೆ, “ಮೆಲ್ಲಗಾ, ಮೆಲ್ಲಗಾ ರಾ” ಎಂದು ತೆಲುಗಿನಲ್ಲಿ ಕೂಗುತ್ತ ಬೀದಿಯ ತಿರುವಿನವರೆಗೂ ಬಂದರು. ಅಕ್ಕನಾಗಮ್ಮನಿಗೆ, “ಹೆದರಬ್ಯಾಡವ್ವ. ಸುಣ್ಣ ಬಿದ್ದಿದ್ದ ನಾ ಯಾವಾಗೋ ಮರ್ತೀನಿ” ಎಂದರು. ಹೀಗೆ ಮರೆತದ್ದನ್ನು ನೆನಪಿಸಿ ಧೈರ್ಯ ಹೇಳಿದ್ದಕ್ಕೆ ರಾಘಣ್ಣನವರು ಅವರಿಗೆ ಬಗ್ಗಿ ನಮಸ್ಕರಿಸಿದರು.

ಪರೀಕ್ಷೆ ಇದ್ದದ್ದು ಗುಡ್ಡದ ಆಚೆ ಮಗ್ಗುಲಿನ ಒಂದು ಶಾಲೆಯಲ್ಲಿ. ಮೇಲ್ವಿಚಾರಕರು ಬೇರೆ ಊರಿನವರು, ದಪ್ಪ ಕನ್ನಡಕ, ನಗುವುದು ಸಂಬಳಕ್ಕೆ ಸೇರಿಲ್ಲವೆನ್ನುವ ಮುಖ. ಗೋಣಿಚೀಲ ಬಿಚ್ಚಿದಾಗ ಅವರ ಕನ್ನಡಕ ಮಿಷನ್ನಿನ ಮೇಲೆ ಬಗ್ಗಿತು.

“ಏನ್ರೀ ಇದು? ಮಿಷನ್ನಿನ ತುಂಬ ಇರುವೆ!”

“ಬೆಲ್ಲದ ಚೀಲ ಸಾರ್. ಅವು ಪರೀಕ್ಷಿಗೆ ಕೂಡೂದಿಲ್ಲ, ಈಗ ಹೋಗ್ತಾವ.”

“ಬೇಗ ಸರಿಮಾಡಿ ಹೊರಗೆ ನಡೀರಿ.”

ರಾಘಣ್ಣನವರು ಉಫ್ ಉಫ್ ಎಂದು ಇರುವೆ ಊದಿದರು. ಮುಚ್ಚಳ ತೆಗೆದರು. ತಳ್ಳುಗಾಡಿಯ ಕುಲುಕಾಟಕ್ಕೆ ಕಡ್ಡಿ ನಡುವೆ ಬಂದು ನಿಂತಿತ್ತು. ಕಿಟಕಿಯಾಚೆ ನೋಡಿದರು. ಗುಡ್ಡ ಕಂಡಿತು. ಗುಡ್ಡದ ಕಡೆಗೆ ಹಗುರ. ದೇವರನ್ನು ನೆನೆದು ಕಡ್ಡಿಯನ್ನು ಗುಡ್ಡದ ಕಡೆಗೆ ಕೊನೆಯವರೆಗೂ ತಳ್ಳಿ, ಅಕ್ಕನಾಗಮ್ಮನ ಕಿವಿಯಲ್ಲಿ, “ಹೂವಿನಂಗ ಮಾಡೀನಿ ತಂಗಿ” ಎಂದು ಹೇಳಿ ಹೊರಬಂದರು.

ಹೊರಗೆ ಬೇವಿನ ಮರದ ಕೆಳಗೆ ಕೊಟ್ರಬಸಮ್ಮ ಕೂತಿದ್ದಳು. ಗಂಟೆ ಹೊಡೆಯಿತು. ಒಳಗೆ ಎಲ್ಲ ಮಿಷನ್ನುಗಳೂ ಒಟ್ಟಿಗೆ ಚಿಟಪಟ ಶುರುಮಾಡಿದವು. ಆ ಚಿಟಪಟದ ನಡುವೆ, ಬೇರೆಯಾಗಿ, ಒಂದೇ ಲಯದಲ್ಲಿ, ತಪ್ ತಪ್ ತಪ್ ಎಂದು ಇನ್ನೊಂದು ಸದ್ದು.

ಕೊಟ್ರಬಸಮ್ಮ ಕಿವಿಗೊಟ್ಟಳು. ಅವಳ ಮುಖ ಅರಳಿತು. “ಅದು ನಮ್ಮಾಕಿ. ರೊಟ್ಟಿ ಬಡಿಯೂ ಕೈ ಅದು. ನನಗ ಗೊತ್ತಾಗೂದಿಲ್ಲೇನು?”

ರಾಘಣ್ಣನವರಿಗೆ ಗಾಬರಿಯಾಯಿತು. ಹೂವಿನಂಥ ಮಿಷನ್ನನ್ನು ಹಾಗೆ ಬಡಿದರೆ ಗತಿಯೇನು? ಅಕ್ಷರಗಳೆಲ್ಲ ಕೊಕ್ಕೆ ಹಾಕಿಕೊಂಡಿರುತ್ತವೆ, ಕಾಗದ ಜರಡಿಯಾಗಿರುತ್ತದೆ, ಸಿರುಗುಪ್ಪದ ಕುರ್ಚಿ ಕೈಬಿಟ್ಟಿತು! ಎದ್ದು ಕಿಟಕಿಗೆ ಓಡಿದರು. ಸರಳುಗಳ ನಡುವೆ ಎರಡೂ ಕೈ ತೂರಿಸಿ ಗಾಳಿಯಲ್ಲಿ ಹಗುರ, ಹಗುರ ಎಂದು ಮಗುವನ್ನು ತಟ್ಟಿ ಮಲಗಿಸುವ ಹಾಗೆ ಸನ್ನೆ ಮಾಡತೊಡಗಿದರು. ಅಕ್ಕನಾಗಮ್ಮ ತಲೆ ಎತ್ತಲಿಲ್ಲ. ತಲೆ ಎತ್ತಿದ್ದು ಮೇಲ್ವಿಚಾರಕರು.

“ಏಯ್! ಯಾರ್ರೀ ಅದು? ಕಿಟಕೀಲಿ ನಿಂತು ಹೇಳಿಕೊಡ್ತೀರಾ?”

ಎದುರಿಗೆ ಇಟ್ಟದ್ದನ್ನು ನೋಡಿ ಹೊಡೆಯುವ ಪರೀಕ್ಷೆಯಲ್ಲಿ ಕಿಟಕಿಯಿಂದ ಏನನ್ನು ಹೇಳಿಕೊಡಬಹುದೆಂದು ಕೇಳುವ ವ್ಯವಧಾನ ಆಗ ಯಾರಿಗೂ ಇರಲಿಲ್ಲ. ಶಾಲೆಯ ಜವಾನ ಬಂದು ರಾಘಣ್ಣನವರ ರಟ್ಟೆ ಹಿಡಿದ. “ಹೋಗಲಿ ಬಿಡಪ್ಪ, ಆಕಿ ಕೈ ಹಗುರ ಮಾಡ್ಕೊಳ್ಲಿ ಅಂತ…” ಎಂದರೆ, “ಎಲ್ಲರೂ ಇದನ್ನ ಹೇಳ್ತಾರ, ನಡೀರಿ” ಎಂದು ಗೇಟಿನಾಚೆ ಬಿಟ್ಟು ಚಿಲಕ ಹಾಕಿದ. ಗೇಟು ಹಾಕುವಾಗ ಬೆರಳು ಸಿಗದ ಹಾಗೆ ನೋಡಿಕೊಂಡದ್ದಕ್ಕೆ ರಾಘಣ್ಣನವರು ಅವನಿಗೆ ಕೈಮುಗಿದರು. ಆಮೇಲೆ ರಸ್ತೆಯಲ್ಲಿ ಕಲ್ಲಿನ ಮೇಲೆ ಕೂತು, ಆ ಹೆಣ್ಣುಮಗಳ ಬಾಳನ್ನು ತಾನೇ ಹಾಳುಮಾಡಿದೆನೆಂದು ಅತ್ತೇ ಬಿಟ್ಟರು.

ಗಂಟೆ ಹೊಡೆದು ಗೇಟು ತೆರೆದಾಗ ಅಕ್ಕನಾಗಮ್ಮ ಓಡಿಬಂದು ಅವರ ಕಾಲಿಗೆ ಬಿದ್ದಳು.

“ಸಾರ್, ಇವತ್ತು ಮಿಷನ್ ನನ್ನ ಮಾತು ಕೇಳ್ತ್ರಿ! ಹೊಡದ್ರ ಹೊಡದಲ್ಲೇ ಬೀಳ್ತೈತಿ. ಒಂದೂ ಸಿಕ್ಕೊಳ್ಲಿಲ್ಲ. ಕಡೀಗೂ ನನ್ನ ಕೈಗೆ ತಕ್ಕಂಗ ಮಾಡಿಕೊಟ್ರಿ.”

ರಾಘಣ್ಣನವರಿಗೆ ನಂಬಿಕೆ ಬರಲಿಲ್ಲ. ಒಳಗೆ ಹೋದರೆ ಮೇಲ್ವಿಚಾರಕರು ಅವಳ ಕಾಗದವನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದರು. “ಅಚ್ಚು ಹಾಕಿಸಿದ ಹಾಗಿದೆ,” ಎಂದರು, ಮನಸ್ಸಿಲ್ಲದ ಮನಸ್ಸಿನಿಂದ. ರಾಘಣ್ಣನವರಿಗೆ ಜೀವ ಬಂತು. ಜೀವದ ಜೊತೆಗೆ ಜಂಬವೂ ಬಂತು.

“ಹಗುರ ಪದ್ಧತಿ ಸಾರ್. ನಮ್ಮದ ಸಂಶೋಧನೆ. ಮುಟ್ಟಿ ನೋಡ್ರಿ, ಹೂವು!”

ಮೇಲ್ವಿಚಾರಕರು ಒಂದು ಕೀ ಮೇಲೆ ಬೆರಳಿಟ್ಟರು. ಒತ್ತಿದರು. ಕನ್ನಡಕ ಸರಿಮಾಡಿಕೊಂಡು ಮತ್ತೆ ಒತ್ತಿದರು. ಕೀ ಜಗ್ಗಲಿಲ್ಲ.

“ಇದು ಹೂವಾ? ನಿಮ್ಮಲ್ಲಿ ಕಲಿಯೋರು ಪೈಲ್ವಾನರೇನ್ರಿ?”

ರಾಘಣ್ಣನವರು ತಾವೇ ಒತ್ತಿ ನೋಡಿದರು. ಬೆರಳು ಮಡಿಚಿತು. ಹೆಬ್ಬೆರಳು ಊರಿದರು, ಒಂದು ಅಕ್ಷರ ಬಿತ್ತು. ಕಡ್ಡಿ ನೋಡಿದರು, ಕಿಟಕಿ ನೋಡಿದರು. ಗುಡ್ಡ ಅಲ್ಲೇ ಇತ್ತು. ಆದರೆ ಬ್ರೂಸ್‌ಪೇಟೆಯಲ್ಲಿ ಟೈಪ್ ಮಾಡುವವರ ಒಂದು ಕೈಯ ಕಡೆಗೆ ಇರುತ್ತಿದ್ದ ಗುಡ್ಡ, ಈ ಶಾಲೆ ಅದರ ಆಚೆ ಮಗ್ಗುಲಿಗಿದ್ದದ್ದರಿಂದ, ಇಲ್ಲಿ ಇನ್ನೊಂದು ಕೈಯ ಕಡೆಗೆ ಇತ್ತು. ಹಗುರ ಮಾಡಲು ಹೋಗಿ ಮಿಷನ್ನು ಎಷ್ಟು ಬಿಗಿಯಾಗಬಹುದೋ ಅಷ್ಟು ಬಿಗಿ ಮಾಡಿದ್ದರು. ಹಲಗೆಯ ಮೇಲೆ ಬಡಿದು ಕಲಿತ ಕೈಗೆ ಅಂಥ ಬಿಗಿಯೇ ಬೇಕಾಗಿತ್ತು. ರಾಘಣ್ಣನವರು ಗುಡ್ಡಕ್ಕೆ ಕೈಮುಗಿದು ನಿಂತರು. ಮೇಲ್ವಿಚಾರಕರು ಜವಾನನನ್ನು ಮತ್ತೆ ಕರೆದರು.

ಮನೆಗೆ ಬಂದು ಇದನ್ನೆಲ್ಲ ಹೇಳಿದಾಗ ಲಕ್ಷ್ಮೀಬಾಯಿ ಕಾಫಿ ಲೋಟ ಎದುರಿಗಿಟ್ಟು ಕೂತರು.

“ಗುಡ್ಡಕ್ಕ ಕೈ ಮುಗದ್ರಿ, ಸರಿ. ಆ ಹುಡುಗಿ ಎರಡನೇ ದಿನಾನ ನಿಮಗ ಹೇಳಿದ್ಲಲ್ಲ, ಕೀ ಕೈಗೆ ಸಿಗವಲ್ವು, ಸ್ವಲ್ಪ ಎದುರು ಬೇಕು ಅಂತ. ಒಂದು ಮಾತು ಕೇಳಿದ್ರ ಆಗ್ತಿತ್ತಲ್ಲ?”

ರಾಘಣ್ಣನವರು ಎತ್ತಿದ ಕಾಫಿ ಲೋಟವನ್ನು ಕೆಳಗಿಟ್ಟರು. ಹೇಳಿದ್ದಳು. ಅವಳ ಜೀವನವೇ ಆ ಕೀಗಳ ಮೇಲೆ ನಿಂತಿದ್ದಾಗ, ಇಷ್ಟು ದಿನ ತಮ್ಮ ಹಗುರವನ್ನೆಲ್ಲ ಸಹಿಸಿಕೊಂಡು, ದಿನಾ ಬೆಳಗಿನ ಬಸ್ಸಿಗೆ ಬಂದು, ಸಿಕ್ಕಿಕೊಂಡ ಅಕ್ಷರಗಳನ್ನು ಒಂದೊಂದಾಗಿ ಬಿಡಿಸುತ್ತ ಕೂತಿದ್ದಳು. ಒಂದು ದಿನವೂ ಮುಖ ಸಿಂಡರಿಸಲಿಲ್ಲ. ಹಾಗೆ ನೆನೆದಾಗ ಅವರಿಗೆ ನಾಚಿಕೆಗಿಂತ ಹೆಚ್ಚಾಗಿ, ಇಂಥವಳು ತನ್ನ ಹತ್ತಿರ ಕಲಿಯಲು ಬಂದಳಲ್ಲ ಎಂಬ ಕೃತಜ್ಞತೆ ಮನಸ್ಸು ತುಂಬಿ ಬಂತು.

ಫಲಿತಾಂಶ ಬಂದಾಗ ಅಕ್ಕನಾಗಮ್ಮ ಪಾಸಾಗಿದ್ದಳು. ಕೆಲಸಕ್ಕೆ ಸೇರುವ ದಿನ ಮೇಷ್ಟ್ರು ಬರಲೇಬೇಕೆಂದು ಹಟಮಾಡಿದಳು. ಕಚೇರಿಯ ಮಿಷನ್ನು ಹೊಸದು, ಅದನ್ನೂ ಅವರೇ ತನ್ನ ಕೈಗೆ ಹೊಂದಿಸಿಕೊಡಬೇಕಂತೆ. ರಾಘಣ್ಣನವರು ಒಗೆದ ಧೋತರ ಉಟ್ಟು ಬಸ್ಸು ಹತ್ತಿ, ತೆಕ್ಕಲಕೋಟೆ ದಾಟಿ ಸಿರುಗುಪ್ಪದಲ್ಲಿ ಇಳಿದರು. ಕಚೇರಿಯ ವರಾಂಡದಲ್ಲಿ ಕೊಟ್ರಬಸಮ್ಮ ಗೋಡೆಗೊರಗಿ ಕೂತು, ಕಿಟಕಿಯಿಂದ ಒಳಗೇ ನೋಡುತ್ತಿದ್ದಳು. ಕಣ್ಣು ಒದ್ದೆಯಾಗಿತ್ತು.

“ಸ್ವಾಮೇರ, ನಿಮ್ಮ ಉಪಕಾರ ನಾ ಸಾಯೂತನಕ ಮರೆಯಂಗಿಲ್ಲ.”

“ಉಪಕಾರ ನನ್ನದಲ್ಲ ತಾಯಿ. ಅವತ್ತು ನಾ ಹಗುರ ಮಾಡ್ಲಿಕ್ಕೆ ಹೋಗಿ…”

“ಏನರ ಮಾಡ್ರಿ. ನನ್ನ ಸೊಸಿ ಕುರ್ಚಿ ಮ್ಯಾಲೆ ಕುಂತಾಳ. ನನ್ನ ಕಣ್ಣಿಗೆ ಅದ ಕಾಣತೈತಿ, ಬ್ಯಾರೆ ಏನೂ ಕಾಣವಲ್ದು. ಒಳಗ ಹೋಗ್ರಿ, ಆಕಿ ದಾರಿ ನೋಡಾಕ ಹತ್ಯಾಳ.”

ಒಳಗೆ ಹೆಡ್‌ಕ್ಲಾರ್ಕ್ ಮೈಲಾರಲಿಂಗಪ್ಪನವರು ಎದ್ದು ಬಂದು ಕೈಕುಲುಕಿದರು. “ಬರ್ರಿ ಬರ್ರಿ. ಹಗುರ ಪದ್ಧತಿಯವರು ನೀವಾ? ಅಕ್ಕನಾಗಮ್ಮ ನಿಮ್ಮ ಬಗ್ಗೆ ಹೇಳಿದ್ದ ಹೇಳಿದ್ದು.” ಗುಮಾಸ್ತರೆಲ್ಲ ಕೆಲಸ ಬಿಟ್ಟು ಸುತ್ತ ನೆರೆದರು. ಇಂಥ ಸಭೆ ರಾಘಣ್ಣನವರಿಗೆ ಹಿಂದೆಂದೂ ಸಿಕ್ಕಿರಲಿಲ್ಲ. ಅವರು ಮುಚ್ಚಳ ತೆಗೆದರು. ಕಡ್ಡಿಯ ಮೇಲೆ ಬೆರಳಿಟ್ಟರು. ತಮ್ಮ ಸಂಶೋಧನೆಯ ಬಗ್ಗೆ ನಾಲ್ಕು ಮಾತು ಹೇಳಲು ಗಂಟಲು ಸರಿಮಾಡಿಕೊಂಡರು.

ಆಮೇಲೆ ಬೆರಳು ಹಿಂದಕ್ಕೆ ತೆಗೆದುಕೊಂಡು ಅಕ್ಕನಾಗಮ್ಮನ ಕಡೆ ತಿರುಗಿದರು.

“ತಂಗಿ, ನಿನಗ ಹೆಂಗ ಬೇಕು?”

ಅವಳು ಅವರ ಮುಖವನ್ನೇ ನೋಡಿದಳು. ಕಲಿಯಲು ಬಂದ ದಿನದಿಂದ ಅವಳಿಗೆ ಏನು ಬೇಕೆಂದು ಅವರು ಕೇಳಿದ್ದು ಇದೇ ಮೊದಲು. ಸೆರಗು ಬಿಗಿದು, ಒಂದು ಕೀ ಹೊಡೆದು ನೋಡಿದಳು.

“ಇನ್ನೊಂದು ಚೂರು ಬಿಗಿ, ಸಾರ್.”

ಅವರು ಜರುಗಿಸಿದರು.

“ಇನ್ನೊಂಚೂರು.”

ಮತ್ತೆ ಜರುಗಿಸಿದರು. ಅವಳು ಹೊಡೆದಳು.

“ಹಾಂ. ಸಾಕ್ರಿ. ಇದು ನನ್ನ ಕೈಗೆ ಸಿಗ್ತೈತಿ.”

ರಾಘಣ್ಣನವರು ಮುಚ್ಚಳ ಹಾಕಿ, ಎರಡೂ ಕೈ ಜೋಡಿಸಿ ಅವಳಿಗೆ ನಮಸ್ಕಾರ ಮಾಡಿದರು. “ಅಯ್ಯ, ನೀವ್ಯಾಕ್ರಿ ಸಾರ್!” ಎಂದು ಅವಳು ಗಾಬರಿಯಾದಳು.

ಆಮೇಲೆ ಅಕ್ಕನಾಗಮ್ಮ ಮೊದಲ ಕಾಗದ ಏರಿಸಿ ಕೆಲಸ ಶುರುಮಾಡಿದಳು. ತಪ್ ತಪ್ ತಪ್. ಹೊರಗೆ ವರಾಂಡದಲ್ಲಿ ಕೊಟ್ರಬಸಮ್ಮ ಆ ಲಯಕ್ಕೆ ತಲೆಯಾಡಿಸಿದಳು. ಒಳಗೆ ಮೈಲಾರಲಿಂಗಪ್ಪನವರ ಮೇಜಿನ ಮೇಲಿದ್ದ ಚಹಾದ ಕಪ್ಪು ಗಲಗಲ ಅಲುಗಾಡಿ ಬಸಿಯಲ್ಲಿ ಚೆಲ್ಲಿತು. ಅವರು ಕಪ್ಪನ್ನು ಕೈಗೆತ್ತಿಕೊಂಡರು. ಅವರನ್ನು ನೋಡಿ ಉಳಿದ ಗುಮಾಸ್ತರೂ ತಮ್ಮ ತಮ್ಮ ಕಪ್ಪು ಎತ್ತಿಕೊಂಡರು. ಆ ಕಚೇರಿಯಲ್ಲಿ ಅವತ್ತಿನಿಂದ ಎಲ್ಲರೂ ಕಪ್ಪನ್ನು ಮೇಜಿನ ಮೇಲಿಡದೆ ಕೈಯಲ್ಲಿ ಹಿಡಿದೇ ಚಹಾ ಕುಡಿಯತೊಡಗಿದರು.